ಮೊದಲು ಹಿಡಿ ಬಿಚ್ಚಿ ನೋಡಿ

ಜಪಾನಿ ಕತ್ತಿಗಳ ಪ್ರತಿಕೃತಿ ಸಂಗ್ರಹಿಸುವವರ ಪ್ರಶ್ನೆಗಳಿಗೆ ಈ ತಿಂಗಳ ಉತ್ತರ

ಪ್ರಶ್ನೆ: ಮೇಡಂ, ನಾನು ತರಿಸಿದ ಕಟಾನದ ಪೆಟ್ಟಿಗೆ ಮೇಲೆ "ಸಾವಿರ ಸಲ ಮಡಚಿದ ಉಕ್ಕು, ಮಣ್ಣು ಮೆತ್ತಿ ಕೊಟ್ಟ ಹದ, ಅಸಲಿ ಹಮೋನ್" ಅಂತ ಇದೆ. ಅಲಗಿನ ಉದ್ದಕ್ಕೂ ಬಿಳಿ ಅಲೆ ಕಾಣುತ್ತದೆ. ಇದನ್ನೆಲ್ಲ ನಂಬಬಹುದಾ?

ಮೊದಲನೆಯದು ಹಸಿ ಸುಳ್ಳು. ಲೆಕ್ಕ ಹಾಕಿ. ಒಂದು ಸಲ ಮಡಚಿದರೆ 2 ಪದರ, ಇನ್ನೊಂದು ಸಲಕ್ಕೆ 4. ಹೀಗೇ 10 ಸಲ ಮಡಚಿದರೆ 1,024 ಪದರ ಆಯಿತು. ಜಪಾನಿನ ಕಮ್ಮಾರರು ಮಡಚುವುದು ಹೆಚ್ಚುಕಡಿಮೆ 10ರಿಂದ 15 ಸಲ. ಒಂದೊಂದು ಸಲ ಕಾಯಿಸಿ ಬಡಿದಾಗಲೂ ಉಕ್ಕು ಚಕ್ಕೆಯಾಗಿ ಉದುರುತ್ತದೆ, ಇಂಗಾಲ ಸುಟ್ಟು ಹೋಗುತ್ತದೆ. ಸಾವಿರ ಸಲ ಹಾಗೆ ಮಾಡಿದರೆ ಕತ್ತಿ ಮಾಡೋಕೆ ಏನೂ ಉಳಿಯುವುದಿಲ್ಲ. ಬರೆದವರು ಪದರಕ್ಕೂ ಮಡಿಕೆಗೂ ವ್ಯತ್ಯಾಸ ಗೊತ್ತಿಲ್ಲದವರು, ಇಲ್ಲವೇ ನಿಮಗೆ ಗೊತ್ತಿಲ್ಲ ಅಂದುಕೊಂಡವರು.

ಜಪಾನಿನವರು ಮಡಚುವುದಕ್ಕೆ ಕಾರಣ ಇದೆ. ಶಿಮಾನೆ ಪ್ರಾಂತ್ಯದ ಒಕುಇಜುಮೊದಲ್ಲಿ ತತಾರಾ ಅನ್ನುವ ಮಣ್ಣಿನ ಕುಲುಮೆ ಇದೆ. ಅದರಲ್ಲಿ ಕಬ್ಬಿಣದ ಮರಳು, ಇದ್ದಿಲು ಸುರಿದು ಮೂರು ಹಗಲು ಮೂರು ರಾತ್ರಿ ಉರಿಸಿ ತಮಹಗಾನೆ ಎಂಬ ಉಕ್ಕು ತೆಗೆಯುತ್ತಾರೆ. ಜಪಾನಿ ಕತ್ತಿಗಳ ಸಂರಕ್ಷಣಾ ಸಂಘ 1977ರಿಂದ ಈ ಕುಲುಮೆ ನಡೆಸಿಕೊಂಡು ಬಂದಿದೆ. ಆ ಉಕ್ಕಿನ ಗಟ್ಟಿಯಲ್ಲಿ ಇಂಗಾಲ ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ. ಮಧ್ಯೆ ಕಿಟ್ಟ ಬೇರೆ. ಮಡಚಿ ಬಡಿದರೆ ಕಿಟ್ಟ ಹೊರಗೆ ಬರುತ್ತದೆ, ಇಂಗಾಲ ಎಲ್ಲ ಕಡೆ ಒಂದೇ ಸಮ ಆಗುತ್ತದೆ. ಇವತ್ತಿನ ಕಾರ್ಖಾನೆ ಉಕ್ಕು ಬರುವಾಗಲೇ ಒಂದೇ ಸಮ ಇರುತ್ತದೆ. ಅದನ್ನು ಮಡಚುವುದು ಮೈಮೇಲಿನ ಮರದ ನಾರಿನಂಥ ಗೆರೆಗಳಿಗಾಗಿ ಮಾತ್ರ. ಬೆಸುಗೆ ಸರಿಯಾಗಿ ಕೂರದಿದ್ದರೆ ಪದರಗಳ ನಡುವೆ ಕೂದಲೆಳೆಯಷ್ಟು ಸೀಳು ಉಳಿದುಬಿಡುತ್ತದೆ. ಅಗ್ಗದ ಕತ್ತಿಯಲ್ಲಿ ಮಡಚದ ಉಕ್ಕೇ ಮೇಲು.

ಇನ್ನು ಹಮೋನ್. ನಾನು ಉಕ್ಕಿಗೆ ಹದ ಕೊಡುವ ವಿಭಾಗದಲ್ಲೇ ಕೆಲಸ ಮಾಡಿ ನಿವೃತ್ತಿಯಾದವಳು. ಹಾಗಾಗಿ ಈ ಪ್ರಶ್ನೆ ಬಂದರೆ ಉತ್ತರ ಸ್ವಲ್ಪ ಉದ್ದ ಆಗುತ್ತದೆ, ತಡೆದುಕೊಳ್ಳಿ. ಅಲಗಿನ ಬೆನ್ನಿಗೆ ಮಣ್ಣಿನ ಲೇಪ ದಪ್ಪಗೆ, ಬಾಯಿಗೆ ತೆಳ್ಳಗೆ. ಕೆಂಪಗೆ ಕಾಯಿಸಿ ನೀರಿಗೆ ಇಳಿಸಿದಾಗ ಬಾಯಿ ತಟ್ಟನೆ ತಣ್ಣಗಾಗಿ ಮಾರ್ಟೆನ್ಸೈಟ್ ಎಂಬ ಗಡುಸು ಉಕ್ಕಾಗುತ್ತದೆ. ಬೆನ್ನು ನಿಧಾನವಾಗಿ ತಣಿದು ಮೆತ್ತಗೇ ಉಳಿಯುತ್ತದೆ. ಎರಡೂ ಸೇರುವ ಗಡಿಯೇ ಹಮೋನ್. ಮಾರ್ಟೆನ್ಸೈಟ್ ಸ್ವಲ್ಪ ಹಿಗ್ಗುತ್ತದೆ, ಆದ್ದರಿಂದ ಬಾಯಿ ಕಡೆ ಉದ್ದವಾಗಿ ಕತ್ತಿ ಬೆನ್ನಿನ ಕಡೆಗೆ ಬಾಗುತ್ತದೆ. ಕಟಾನದ ಆ ಚೆಂದದ ಬಾಗು ಬಹುಪಾಲು ನೀರಿನೊಳಗೆ ಹುಟ್ಟಿದ್ದು.

ನೋಡುವ ರೀತಿ ಹೇಳುತ್ತೇನೆ. ಟ್ಯೂಬ್‌ಲೈಟ್ ಆರಿಸಿ, ಒಂದೇ ಒಂದು ಬಲ್ಬು ಹಚ್ಚಿ. ಅಲಗಿನ ತುದಿಯನ್ನು ಬಲ್ಬಿನ ಕಡೆ ಚಾಚಿ, ಬೆಳಕು ಮೈಮೇಲೆ ಜಾರುವ ತನಕ ಸ್ವಲ್ಪ ಸ್ವಲ್ಪವೇ ಓರೆ ಮಾಡಿ. ಅಸಲಿ ಹಮೋನ್ ಆ ಒಂದು ಕೋನದಲ್ಲಿ ಮಾತ್ರ ಎದ್ದು ಕಾಣುತ್ತದೆ, ಕನ್ನಡಿ ಮೇಲೆ ಉಸಿರು ಬಿಟ್ಟ ಹಾಗೆ ಮಬ್ಬುಮಬ್ಬಾಗಿ. ಅದರೊಳಗೆ ಅಲ್ಲಲ್ಲಿ ಮಿನುಗುವ ಹರಳುಗಳೂ ಇರಬಹುದು. ತುದಿಯ ಹತ್ತಿರ ಗೆರೆ ಬೆನ್ನಿನ ಕಡೆ ತಿರುಗಬೇಕು. ತಂತಿ ಬ್ರಷ್ಷಿನಿಂದ ಉಜ್ಜಿ ಬರೆದ ಅಲೆಯಾದರೆ ಯಾವ ಕೋನದಿಂದ ನೋಡಿದರೂ ಒಂದೇ ಥರ. ಭೂತಗನ್ನಡಿ ಹಿಡಿದರೆ ಗೀಚಿದ ಗುರುತು ಸಾಲಾಗಿ ಕಾಣುತ್ತದೆ.

ನಿಮ್ಮದು ಇವೆರಡರ ನಡುವಿನದ್ದೂ ಇರಬಹುದು. ನಿಜವಾಗಿ ಮಣ್ಣು ಮೆತ್ತಿ ಹದ ಕೊಟ್ಟ ಎಷ್ಟೋ ಕತ್ತಿಗಳಿಗೂ ಕಾರ್ಖಾನೆಯವರು ಆಸಿಡ್ ಸವರಿರುತ್ತಾರೆ, ಫೋಟೋದಲ್ಲಿ ಎದ್ದು ಕಾಣಲಿ ಅಂತ. ಹಬಾಕಿ, ಅಂದರೆ ಅಲಗಿನ ಬುಡದ ತಾಮ್ರ ಅಥವಾ ಹಿತ್ತಾಳೆ ಪಟ್ಟಿ ಇದೆಯಲ್ಲ, ಅದರ ಪಕ್ಕದಲ್ಲಿ ಬೆರಳಗಲ ಜಾಗಕ್ಕೆ ಹತ್ತಿಯಲ್ಲಿ ಲೋಹದ ಪಾಲಿಷ್ ತೆಗೆದುಕೊಂಡು ಮೆಲ್ಲಗೆ ಉಜ್ಜಿ. ಬೆನ್ನಿನ ಕಡೆಯಿಂದ ಬಾಯಿಯ ಕಡೆಗೇ ಕೈ ಹೋಗಲಿ, ಬಾಯಿಗುಂಟ ಬೇಡ. ಆಸಿಡ್ಡಿನ ಬಿಳಿ ಬಿಟ್ಟುಕೊಳ್ಳುತ್ತದೆ. ಅದರ ಕೆಳಗೆ ಸಣ್ಣ ಗೆರೆ ಉಳಿದರೆ ಕತ್ತಿ ಅಸಲಿ ಹದದ್ದು. ಏನೂ ಉಳಿಯದಿದ್ದರೆ ಬಣ್ಣದ ಕೆಲಸ.

ಪ್ರಶ್ನೆ: ಮಗನಿಗೆ ಹದಿನೇಳು. ಗೋಡೆಗೆ ನೇತುಹಾಕುವ ಸ್ಟೇನ್‌ಲೆಸ್ ಕತ್ತಿ ಕೊಂಡಿದ್ದಾನೆ. ಅದರಲ್ಲಿ ಬಾಟಲಿ ಕತ್ತರಿಸುವ ಪ್ರಯೋಗ ಮಾಡ್ತೀನಿ ಅಂತಾನೆ. ಮೊಂಡಾಗಿದೆಯಲ್ಲ, ಪರವಾಗಿಲ್ವಾ?

ಬೇಡವೇ ಬೇಡ. ಇವತ್ತೇ ನಿಲ್ಲಿಸಿ. ಅಪಾಯ ಬಾಯಿಯ ಹರಿತದಲ್ಲಿಲ್ಲ, ಹಿಡಿಯ ಒಳಗಿದೆ. ಈ ಥರದ ಕತ್ತಿಗಳಲ್ಲಿ ಅಲಗು ಹಿಡಿಯ ಹತ್ತಿರ ಬಂದು ಮುಗಿದುಹೋಗಿರುತ್ತದೆ. ಅಲ್ಲಿಂದ ಮುಂದೆ ಇರುವುದು ಪೆನ್ಸಿಲ್ ದಪ್ಪದ ಒಂದು ಕಡ್ಡಿ, ಅದನ್ನು ಅಲಗಿಗೆ ವೆಲ್ಡ್ ಮಾಡಿ ತುದಿಗೆ ನಟ್ಟು ಬಿಗಿದಿರುತ್ತಾರೆ. ಜೋರಾಗಿ ಬೀಸಿದಾಗ ವೆಲ್ಡ್ ಬಿಟ್ಟರೆ ಇಡೀ ಅಲಗು ಹಾರುತ್ತದೆ. ಮೊಂಡಾದರೂ ಅದು ಎರಡಡಿ ಉದ್ದದ ಲೋಹದ ಪಟ್ಟಿ. ಗೋಡೆ ಮೇಲೆ ಇದ್ದುಕೊಳ್ಳಲಿ, ತೊಂದರೆ ಇಲ್ಲ. ಬೀಸುವ ಆಸೆ ಇದ್ದರೆ ಮರದ ಬೊಕ್ಕೆನ್ ಕೊಡಿಸಿ, ಕಲಿಸುವವರ ಹತ್ತಿರ ಕಳಿಸಿ.

ಪ್ರಶ್ನೆ: ಕಳೆದ ಸಂಚಿಕೆಯಲ್ಲಿ ನೀವು ವಿಮರ್ಶೆ ಮಾಡಿದ ಟಿ10 ಉಕ್ಕಿನ ಕಟಾನ ನನ್ನ ಹತ್ತಿರವೂ ಇದೆ. ಅಲಗು ಅದ್ಭುತ ಅಂತ ನೀವೇ ಬರೆದಿರಿ. ಆಮೇಲೆ ಹಿಡಿಯ ಕಾರಣಕ್ಕೆ "ಕೊಳ್ಳಬೇಡಿ" ಅಂದಿರಿ. ಇದು ಅನ್ಯಾಯ ಅಲ್ವಾ? ಜನ ಕೊಳ್ಳುವುದು ಅಲಗನ್ನು ತಾನೇ?

ಸಿಟ್ಟಿನ ಪತ್ರ ಬಂದರೆ ನನಗೆ ಖುಷಿ. ಬರೆದವರು ವಿಮರ್ಶೆ ಪೂರ್ತಿ ಓದಿದ್ದಾರೆ ಅಂತ ಗೊತ್ತಾಗುತ್ತದೆ.

ನೀವು ಕೊಳ್ಳುವುದು ಅಲಗನ್ನು, ಸರಿ. ಕೈಯಲ್ಲಿ ಹಿಡಿಯುವುದು ಏನನ್ನು? ಚೀನಾದ ಝೆಜಿಯಾಂಗ್ ಪ್ರಾಂತ್ಯದ ಲಾಂಗ್‌ಚುವಾನ್ ಊರಿನಿಂದ ಇವತ್ತು ಪ್ರತಿಕೃತಿ ಕಟಾನಗಳು ರಾಶಿರಾಶಿಯಾಗಿ ಬರುತ್ತವೆ. ಕತ್ತಿಗೆ ಹೆಸರಾದ ಹಳೇ ಊರು ಅದು. ಅಲ್ಲಿನ ಅಲಗುಗಳು ನಿಜಕ್ಕೂ ಚೆನ್ನಾಗಿವೆ. ಹೊಡೆತ ಬೀಳುವುದು ಜೋಡಣೆಯಲ್ಲಿ. ಫೋಟೋದಲ್ಲಿ ಕಾಣದ ಜಾಗ ಅದು, ಅದಕ್ಕೇ ಅಲ್ಲಿ ಕೈ ಹಿಡಿತ.

ನಾನು ಯಾವ ಕತ್ತಿ ಬಂದರೂ ಮೊದಲು ಬಿಚ್ಚುತ್ತೇನೆ. ಹಿಡಿಯಲ್ಲಿ ಮೆಕುಗಿ ಅನ್ನುವ ಬಿದಿರಿನ ಗೂಟ ಇರುತ್ತದೆ. ಅದರ ಒಂದು ತುದಿ ಸಣ್ಣ, ಇನ್ನೊಂದು ದಪ್ಪ. ಸಣ್ಣ ಕಡೆಯಿಂದ ಹಿತ್ತಾಳೆ ಸುತ್ತಿಗೆಯಲ್ಲಿ ತಟ್ಟಿದರೆ ಈಚೆ ಬರುತ್ತದೆ. ಆಮೇಲೆ ಎಡಗೈಯಲ್ಲಿ ಹಿಡಿಯ ತುದಿ ಹಿಡಿದು, ಅಲಗನ್ನು ಮೇಲಕ್ಕೆ ಸ್ವಲ್ಪ ಓರೆಯಾಗಿ ನಿಲ್ಲಿಸಿ, ಬಲಮುಷ್ಟಿಯಿಂದ ಎಡಗೈಯ ಮಣಿಕಟ್ಟಿಗೆ ಹಗುರವಾಗಿ ಗುದ್ದಬೇಕು. ಸರಿಯಾಗಿ ಕೂತ ಕತ್ತಿಯಾದರೆ ಒಂದೊಂದು ಗುದ್ದಿಗೂ ಅಲಗು ಒಂಚೂರೇ ಮೇಲೇಳುತ್ತದೆ. ಹೊಸಬರು ಮೆಲ್ಲಗೆ ಗುದ್ದಿ, ಅಲಗು ಮೇಲಕ್ಕೆ ಹಾರಬಾರದು.

ನಿಮ್ಮ ಆ ಕತ್ತಿಯ ಗೂಟ ತೆಗೆದ ಮೇಲೆ ಗುದ್ದಬೇಕಾಗಲೇ ಇಲ್ಲ. ಅಲಗು ತಾನೇ ಅಲ್ಲಾಡಿತು. ಒಳಗೆ ನೋಡಿದರೆ ನಕಾಗೋ, ಅಂದರೆ ಹಿಡಿಯೊಳಗೆ ಹೋಗುವ ಅಲಗಿನ ಬಾಲ, ಹಿಡಿಯ ಅರ್ಧಕ್ಕೇ ನಿಂತಿತ್ತು. ಮರದ ತೂತು ಅದಕ್ಕಿಂತ ದೊಡ್ಡದು. ಸಂದಿಗೆ ಮಡಚಿದ ಕಾಗದ ತುರುಕಿದ್ದರು. ಗೂಟ ತೆಗೆದು ಬೆಳಕಿಗೆ ಹಿಡಿದರೆ ಊಟದ ಕಡ್ಡಿಯ ತುಂಡು! ಮೆಕುಗಿಗೆ ಒಣಗಿಸಿ ಹೊಗೆ ಹಿಡಿಸಿದ, ಒತ್ತಾದ ನಾರಿನ ಬಿದಿರು ಬೇಕು. ಅಲಗನ್ನು ಹಿಡಿಯಲ್ಲಿ ನಿಲ್ಲಿಸುವುದು ಮರದ ಬಿಗಿ ಮತ್ತು ಆ ಗೂಟ ಮಾತ್ರ, ಬೇರೆ ಏನೂ ಇಲ್ಲ.

ಹಿಡಿಯ ಹೊರಗಡೆ ನಾನು ನೋಡುವುದು ಎರಡು. ಒಂದು, ದಾರದ ಸುತ್ತು. ಹೆಬ್ಬೆರಳಿನಿಂದ ಒತ್ತಿ ಸರಿಸಿದರೆ ಅದು ಕದಲಬಾರದು. ಗಂಟುಗಳಲ್ಲಿ ಒಮ್ಮೆ ಎಡದ ದಾರ ಮೇಲೆ, ಮುಂದಿನದರಲ್ಲಿ ಬಲದ್ದು ಮೇಲೆ ಬರಬೇಕು. ಎಲ್ಲ ಗಂಟಲ್ಲೂ ಒಂದೇ ಕಡೆಯದು ಮೇಲೆ ಇದ್ದರೆ ಅವಸರದ ಕೆಲಸ. ಎರಡು, ದಾರದ ಕೆಳಗಿನ ತಿರಂಡಿ ಮೀನಿನ ಚರ್ಮ. ಹಿಡಿಯ ಸುತ್ತ ಪೂರ್ತಿ ಸುತ್ತಿದ್ದರೆ ಅದು ಮರವನ್ನು ಬಿಗಿದು ಹಿಡಿಯುತ್ತದೆ. ಎರಡು ಪಕ್ಕಕ್ಕೆ ಪಟ್ಟಿ ಅಂಟಿಸಿದ್ದರೆ ಅಂದ ಇದೆ, ಬಲ ಕಡಿಮೆ. ಪ್ಲಾಸ್ಟಿಕ್ ಆದರೆ ಅದೂ ಇಲ್ಲ.

ಇವೆಲ್ಲ ಆದ ಮೇಲೆ ಅಲಗು. ತುದಿಯ ಹತ್ತಿರ ಅಡ್ಡ ಹೋಗುವ ಯೊಕೊತೆ ಗೆರೆ ನಿಜವಾದ ಏಣೋ ಇಲ್ಲವೇ ಉಜ್ಜಿ ಬರೆದ ಗುರುತೋ ಅಂತ ಉಗುರು ಆಡಿಸಿ ನೋಡುತ್ತೇನೆ. ಮೈಯ ಏಣು ಬುಡದಿಂದ ತುದಿಯ ತನಕ ಚೂಪಾಗಿ ಹೋಗಿದೆಯೋ, ಪಾಲಿಷ್ ಚಕ್ರಕ್ಕೆ ಸಿಕ್ಕಿ ದುಂಡಗಾಗಿದೆಯೋ ನೋಡುತ್ತೇನೆ. ನಿಮ್ಮ ಕತ್ತಿ ಇದೆರಡರಲ್ಲೂ ಪಾಸು. ಅದಕ್ಕೇ "ಅದ್ಭುತ" ಅಂತ ಬರೆದೆ, ಆ ಮಾತು ವಾಪಸ್ ತೆಗೆದುಕೊಳ್ಳುವುದಿಲ್ಲ. "ಕೊಳ್ಳಬೇಡಿ" ಅನ್ನುವುದನ್ನೂ ತೆಗೆದುಕೊಳ್ಳುವುದಿಲ್ಲ. ಈಗಾಗಲೇ ಕೊಂಡಿದ್ದೀರಲ್ಲ, ಬಲ್ಲವರ ಹತ್ತಿರ ಹೊಸ ಹಿಡಿ ಮಾಡಿಸಿ. ಆ ಅಲಗಿಗೆ ಅಷ್ಟು ಯೋಗ್ಯತೆ ಇದೆ.

ಪ್ರಶ್ನೆ: 1045, 1060, 1095, 9260... ಯಾವುದು ಒಳ್ಳೆಯ ಉಕ್ಕು?

10ರಿಂದ ಶುರುವಾಗುವ ಸಂಖ್ಯೆಯಲ್ಲಿ ಕೊನೆಯ ಎರಡು ಅಂಕಿ ಇಂಗಾಲದ ಲೆಕ್ಕ. 1060 ಅಂದರೆ ನೂರಕ್ಕೆ ಸುಮಾರು 0.60. ಟಿ10ರಲ್ಲಿ ಸುಮಾರು 1. ಇಂಗಾಲ ಜಾಸ್ತಿ ಆದಷ್ಟೂ ಬಾಯಿ ಗಡುಸು, ಹದ ಕೊಡುವವನಿಗೆ ಕಷ್ಟವೂ ಜಾಸ್ತಿ. 9260ರಲ್ಲಿ ನೂರಕ್ಕೆ 2ರಷ್ಟು ಸಿಲಿಕಾನ್ ಇದೆ, ಅದು ಸ್ಪ್ರಿಂಗಿನ ಉಕ್ಕು. ಬಾಗಿದರೂ ಮತ್ತೆ ನೆಟ್ಟಗಾಗುತ್ತದೆ. ಮಣ್ಣು ಮೆತ್ತಿ ಹದ ಕೊಟ್ಟ ಅಲಗಾದರೆ ತಪ್ಪು ಏಟಿಗೆ ಬಾಗಿ ಹಾಗೇ ಉಳಿದುಬಿಡುತ್ತದೆ. ಹಾಗಾಗಿ ನೆನೆಸಿದ ಚಾಪೆ ಸುರುಳಿ ಕತ್ತರಿಸುವ ಅಭ್ಯಾಸಕ್ಕೆ ಹೊಸಬರಾದರೆ 9260, ಇಲ್ಲವೇ ಪೂರ್ತಿ ಒಂದೇ ಹದದ 1060. ಹಮೋನ್ ನೋಡಿ ಖುಷಿಪಡಲು 1095 ಅಥವಾ ಟಿ10. ಒಳ್ಳೆಯ ಹದದ 1060 ಕೆಟ್ಟ ಹದದ ಟಿ10ಗಿಂತ ಯಾವತ್ತೂ ಮೇಲೆ.

ಪ್ರಶ್ನೆ: ಒಬ್ಬರು ಹಳೆಯ ಕತ್ತಿ ಮಾರುತ್ತಿದ್ದಾರೆ. ನಕಾಗೋ ಮೇಲೆ ಮಸಮುನೆ ಅಂತ ಸಹಿ ಇದೆಯಂತೆ. "ತುಕ್ಕು ಉಜ್ಜಿ ತೆಗೆದು ಕೊಡ್ತೀನಿ" ಅಂತಿದ್ದಾರೆ.

ಎರಡು ಕಡೆಯಿಂದಲೂ ಸಿಕ್ಕಿಬಿದ್ದರು. ಮಸಮುನೆ ಜಪಾನಿನ ಹೆಸರಾಂತ ಕತ್ತಿ ಕಮ್ಮಾರ, ಕಮಕುರ ಕಾಲದವನು, 13ನೇ ಶತಮಾನದ ಕೊನೆ, 14ನೇ ಶತಮಾನದ ಆರಂಭ. ಅವನದ್ದು ಅಂತ ಒಪ್ಪಿಕೊಂಡಿರುವ ಕತ್ತಿಗಳಲ್ಲಿ ಬಹುಪಾಲಿಗೆ ಸಹಿಯೇ ಇಲ್ಲ. ಸುಳ್ಳು ಸಹಿ ಹಾಕುವವರಿಗೆ ಮಾತ್ರ ಆ ಹೆಸರು ಬಹಳ ಇಷ್ಟ. ಇನ್ನು ನಕಾಗೋದ ತುಕ್ಕು. ಅದನ್ನು ಜಪಾನಿನಲ್ಲಿ ಯಾರೂ ಮುಟ್ಟುವುದಿಲ್ಲ. ಹಳೆಯ ಕತ್ತಿಯ ವಯಸ್ಸು ಅಂದಾಜು ಮಾಡುವವರು ಆ ಕಪ್ಪು ತುಕ್ಕಿನ ಬಣ್ಣ, ಅದರ ಕೆಳಗಿನ ಅರದ ಗುರುತು ನೋಡಿ ಹೇಳುತ್ತಾರೆ. ಉಜ್ಜಿದರೆ ಅಸಲಿ ಕತ್ತಿಯೂ ಅರ್ಧ ಬೆಲೆ ಕಳೆದುಕೊಂಡ ಹಾಗೆ. ಪ್ರತಿಕೃತಿ ಅಂತ ಹೇಳಿ ಪ್ರತಿಕೃತಿ ಬೆಲೆಗೆ ಕೊಟ್ಟರೆ ಕೊಳ್ಳಿ. ಮಸಮುನೆ ಬೆಲೆಗೆ ಅಂದರೆ ನಮಸ್ಕಾರ ಹೇಳಿ ಬನ್ನಿ.

ಎರಡನೇ ಮಹಾಯುದ್ಧದ ಸೈನಿಕರ ಕತ್ತಿ ಅಂತ ಮಾರುವವರ ಬಗ್ಗೆ ಇನ್ನಿಬ್ಬರು ಕೇಳಿದ್ದಾರೆ. ಅಲ್ಲೂ ಹೊಸ ನಕಲುಗಳೇ ತುಂಬಿವೆ. ಜಪಾನಿ ಸೇನೆಯ ಕೆಳದರ್ಜೆ ಅಧಿಕಾರಿಗಳಿಗೆ 1935ರ ಮಾದರಿಯ ಕತ್ತಿ ಇತ್ತು. ಅದರ ಅಲಗು ಯಂತ್ರದಲ್ಲಿ ಮಾಡಿದ್ದು, ಮೇಲೆ ಅಚ್ಚೊತ್ತಿದ ಕ್ರಮಸಂಖ್ಯೆ. ಒರೆಯ ಮೇಲೂ ಸಂಖ್ಯೆ ಇರುತ್ತದೆ, ಜೋಡಿ ಬದಲಾಗದಿದ್ದರೆ ಎರಡೂ ಒಂದೇ. ಬಹಳಷ್ಟರ ಹಿಡಿ ಅಲ್ಯೂಮಿನಿಯಂ ಎರಕ, ದಾರ ಸುತ್ತಿದಂತೆ ಬಣ್ಣ ಹಚ್ಚಿದ್ದು. ಅದೇ ಮಾದರಿ ಅಂತ ಹಿತ್ತಾಳೆ ಹಿಡಿ, ಸೊಟ್ಟ ಅಂಕಿ ತೋರಿಸಿದರೆ ಮುಂದೆ ಕೇಳುವುದೇ ಬೇಡ.

ಪ್ರಶ್ನೆ: ಜಪಾನಿಗೆ ಇಯಾಯ್ದೋ, ಅಂದರೆ ಒರೆಯಿಂದ ಕತ್ತಿ ಎಳೆದು ಬೀಸುವ ಕಲೆ, ಕಲಿಯಲು ಹೋಗುತ್ತಿದ್ದೇನೆ. ನನ್ನ ಚೀನಾ ಕಟಾನ ಒಯ್ಯಲಾ?

ಒಯ್ಯಬೇಡಿ. ಜಪಾನಿನಲ್ಲಿ 1958ರ ಬಂದೂಕು ಮತ್ತು ಕತ್ತಿ ಕಾನೂನು ಇದೆ. ಕತ್ತಿಗೆ ನೋಂದಣಿ ಚೀಟಿ ಬೇಕು. ಅದನ್ನು ಪ್ರಾಂತ್ಯದ ಶಿಕ್ಷಣ ಮಂಡಳಿ ಕೊಡುತ್ತದೆ, ಅದೂ ಅಲ್ಲಿನ ಸಾಂಪ್ರದಾಯಿಕ ವಿಧಾನದಲ್ಲಿ ಮಾಡಿದ ಕಲಾವಸ್ತು ಅಂತ ಒಪ್ಪಿದರೆ ಮಾತ್ರ. ಹೊರಗಿನ ಕಾರ್ಖಾನೆಯ ಉಕ್ಕಿನ ಕತ್ತಿಗೆ ಅದು ಸಿಗುವುದಿಲ್ಲ. ಅಲ್ಲಿ ಕಲಿಯುವವರು ಸತು ಮತ್ತು ಅಲ್ಯೂಮಿನಿಯಂ ಮಿಶ್ರಲೋಹದ ಇಯಾಯ್ತೋ, ಅಂದರೆ ಅಭ್ಯಾಸದ ಕತ್ತಿ, ಬಳಸುತ್ತಾರೆ. ಅದಕ್ಕೆ ಹರಿತ ಹಿಡಿಯುವುದಿಲ್ಲ, ನೋಂದಣಿಯೂ ಬೇಡ. ಅಲ್ಲೇ ಕೊಳ್ಳಿ, ನಿಮ್ಮ ಎತ್ತರಕ್ಕೆ ತಕ್ಕ ಉದ್ದ ಗುರುಗಳೇ ಹೇಳುತ್ತಾರೆ.

ಬೇರೆ ದೇಶಗಳಲ್ಲಿ ಇರುವ ಓದುಗರೂ ಮೊದಲು ಅಲ್ಲಿನ ಕಾನೂನು ಕೇಳಿಕೊಳ್ಳಿ. ಬ್ರಿಟನ್ನಿನಲ್ಲಿ ಅಲಗು 50 ಸೆಂ.ಮೀ. ಅಥವಾ ಅದಕ್ಕಿಂತ ಉದ್ದ ಇರುವ ಬಾಗಿದ ಕತ್ತಿಗಳ ಮಾರಾಟಕ್ಕೆ 2008ರಿಂದ ನಿರ್ಬಂಧ ಇದೆ. ಸಾಂಪ್ರದಾಯಿಕವಾಗಿ ಕೈಯಿಂದ ಮಾಡಿದ್ದಕ್ಕೆ ವಿನಾಯಿತಿ.

ಪ್ರಶ್ನೆ: ಎಣ್ಣೆ ಯಾವುದು? ಕತ್ತಿ ಇಡುವಾಗ ಬಾಯಿ ಮೇಲೋ ಕೆಳಗೋ?

ಕಟಾನ ಆದರೆ ಬಾಯಿ ಮೇಲೆ. ಸೊಂಟದಿಂದ ತೂಗುಬಿಡುತ್ತಿದ್ದ ತಾಚಿ ಆದರೆ ಬಾಯಿ ಕೆಳಗೆ. ಎಣ್ಣೆಗೆ ಚೋಜಿ ಸಾಕು. ಲವಂಗದ ವಾಸನೆ ಇರುವ ಖನಿಜ ಎಣ್ಣೆ ಅದು. ವಾಸನೆ ಬೇಡ ಅಂದರೆ ಹೊಲಿಗೆ ಯಂತ್ರದ ಎಣ್ಣೆಯೂ ನಡೆಯುತ್ತದೆ, ಅಡುಗೆ ಎಣ್ಣೆ ಮಾತ್ರ ಬೇಡ, ಅಂಟುತ್ತದೆ. ಪೆಟ್ಟಿಗೆಯಲ್ಲಿ ಬರುವ ಬಿಳಿ ಪುಡಿಯ ಗೊಂಡೆ, ಉಚಿಕೋ, ಅದನ್ನು ಬದಿಗಿಡಿ. ಅದು ಕಲ್ಲಿನ ಪುಡಿ, ಅಗ್ಗದ್ದಾದರೆ ಅಲಗು ಗೀಚುತ್ತದೆ. ಮೆತ್ತನೆ ಬಟ್ಟೆಯಲ್ಲಿ ಹಳೆ ಎಣ್ಣೆ ಒರೆಸಿ, ಹೊಸದು ತೆಳ್ಳಗೆ ಸವರಿ. ಒರೆಸುವಾಗ ಬೆನ್ನಿನ ಕಡೆಯಿಂದ ಹಿಡಿಯಿರಿ. ಬೆರಳು ತಾಗಿದ ಜಾಗ ಆಮೇಲೆ ಇನ್ನೊಮ್ಮೆ ಒರೆಸಿ, ಬೆವರಿನ ಉಪ್ಪಿಗೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಬರುತ್ತದೆ. ಒರೆಯೊಳಗೆ ಎಣ್ಣೆ ಸುರಿಯಬೇಡಿ, ಮರ ನೆನೆದು ಉಬ್ಬಿದರೆ ಕತ್ತಿ ಹೊರಗೆ ಬರುವುದಿಲ್ಲ.