‘ಫ್ಲಿಮ್ಸಿ’ ಎಂದರೆ ಬರಿಯ ‘ದುರ್ಬಲ’ವೇ?

ಪ್ರಶ್ನೆ: ನಮ್ಮ ಮನೆಯ ಗೋಡೆ ಸೋರುತ್ತಿರುವ ಬಗ್ಗೆ ನಾನು ಸೊಸೈಟಿಗೆ ಕೊಟ್ಟ ದೂರನ್ನು ‘ಫ್ಲಿಮ್ಸಿ ಗ್ರೌಂಡ್ಸ್’ ಎಂದು ಷರಾ ಬರೆದು ಹಿಂದಿರುಗಿಸಿದ್ದಾರೆ. ನಿಘಂಟಿನಲ್ಲಿ ಈ ಪದಕ್ಕೆ ‘ದುರ್ಬಲ’ ಎಂಬ ಅರ್ಥವಿದೆ. ಹಾಗಾದರೆ ಕಾಯಿಲೆಯಿಂದ ಎದ್ದಿರುವ ನನ್ನ ಮಾವನವರನ್ನೂ ‘ಫ್ಲಿಮ್ಸಿ’ ಎನ್ನಬಹುದೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಮಾವನವರ ವಿಷಯದಲ್ಲಿ ದಯವಿಟ್ಟು ಈ ಪದ ಬೇಡ. ಕಾಯಿಲೆಯಿಂದಲೋ ವಯಸ್ಸಿನಿಂದಲೋ ಸೊರಗಿದವರನ್ನು ಇಂಗ್ಲಿಷಿನಲ್ಲಿ ‘ಫ್ರೇಲ್’ ಅಥವಾ ‘ವೀಕ್’ ಎನ್ನುತ್ತಾರೆ. ‘ಫ್ಲಿಮ್ಸಿ’ ಮುಖ್ಯವಾಗಿ ವಸ್ತುಗಳಿಗೆ, ವಾದಕ್ಕೆ, ನೆಪಕ್ಕೆ, ಸಾಕ್ಷ್ಯಕ್ಕೆ ಸಲ್ಲುವ ಪದ. ಅದರಲ್ಲಿ ಕೊಂಚ ತಾತ್ಸಾರವೂ ಬೆರೆತಿರುವುದರಿಂದ ಹಿರಿಯರ ಬಗ್ಗೆ ಆಡಿದರೆ ಮನಸ್ಸಿಗೆ ನೋವಾದೀತು.

ತಾನು ಹೊರಬೇಕಾದ ಭಾರವನ್ನು ಹೊರಲಾರದಷ್ಟು ತೆಳುವಾದದ್ದು ಎಂಬುದೇ ಇದರ ತಿರುಳು. ದಾದರಿನ ಫುಟ್‌ಪಾತಿನಲ್ಲಿ ಕೊಂಡ ಅಗ್ಗದ ಕೊಡೆ ಮಳೆಗಾಲದ ಮೊದಲ ಗಾಳಿಗೇ ಮೇಲ್ಮುಖವಾಗಿ ಮಗುಚಿಕೊಂಡು, ಬಟ್ಟೆ ಒಂದು ಕಡೆ ಕಡ್ಡಿ ಒಂದು ಕಡೆ ಆಗಿಬಿಟ್ಟರೆ ಆ ಕೊಡೆ ‘ಫ್ಲಿಮ್ಸಿ’. ಗಾಜಿನ ಹೂದಾನಿ ಹಾಗಲ್ಲ. ಅದು ಬಿದ್ದರೆ ಒಡೆಯುತ್ತದೆಯಾದರೂ ಅದರ ತಯಾರಿಕೆಯಲ್ಲಿ ಕೊರತೆಯಿಲ್ಲ, ಆದ್ದರಿಂದ ಅದು ‘ಫ್ರ್ಯಾಜೈಲ್’. ಕೀಲು ಸಡಿಲಿ ಅಲುಗಾಡುವ ಕುರ್ಚಿಗೆ ‘ರಿಕೆಟಿ’ ಎಂಬ ಬೇರೆಯೇ ಪದವಿದೆ.

ಇದು ನಾಮಪದವಾಗಿಯೂ ಬಳಕೆಯಾಗಿದೆ. ಟೈಪ್‌ರೈಟರ್ ಕಾಲದಲ್ಲಿ ಕಾರ್ಬನ್ ಪ್ರತಿಗೆ ಬಳಸುತ್ತಿದ್ದ ತೆಳು ಹಾಳೆ ‘ಫ್ಲಿಮ್ಸಿ’ ಎನಿಸಿಕೊಂಡಿತ್ತು. ಎರಡನೆಯ ಮಹಾಯುದ್ಧದಲ್ಲಿ, ಉತ್ತರ ಆಫ್ರಿಕಾದ ಮರುಭೂಮಿಯಲ್ಲಿದ್ದ ಬ್ರಿಟಿಷ್ ಸೈನಿಕರು ತಮಗೆ ಪೆಟ್ರೋಲು ಬರುತ್ತಿದ್ದ 4 ಗ್ಯಾಲನ್ನಿನ ತಗಡಿನ ಡಬ್ಬಿಯನ್ನೂ ಇದೇ ಹೆಸರಿನಿಂದ ಕರೆದರು. ಅದರ ಬೆಸುಗೆ ಬಿಟ್ಟು ಸಾಕಷ್ಟು ಪೆಟ್ರೋಲು ದಾರಿಯಲ್ಲೇ ಸೋರಿಹೋಗುತ್ತಿತ್ತು. ಜರ್ಮನರ ಬಳಿಯಿದ್ದ 20 ಲೀಟರಿನ ಗಟ್ಟಿ ಕ್ಯಾನನ್ನು ನೋಡಿ ಬ್ರಿಟಿಷರು ಅದನ್ನೇ ನಕಲು ಮಾಡಿಕೊಂಡರು. ಇಂದಿನ ‘ಜೆರಿಕ್ಯಾನ್’ ಅದೇ.

ಕನ್ನಡದಲ್ಲಿ ಇದಕ್ಕೆ ಬಹಳ ಹತ್ತಿರವಾದ ಪದವೆಂದರೆ ‘ಜಾಳು’ ಎಂದು ನನಗನಿಸುತ್ತದೆ. ಬಟ್ಟೆಯೂ ಜಾಳಾಗಿರಬಹುದು, ಮಾತೂ ಜಾಳಾಗಿರಬಹುದು. ನೆಪದ ವಿಷಯ ಬಂದಾಗ ‘ಕುಂಟು ನೆಪ’ ಎಂದರೆ ಸಾಕು. ವಾದಕ್ಕೆ ‘ಹುರುಳಿಲ್ಲದ’, ಸಾಕ್ಷ್ಯಕ್ಕೆ ‘ಗಟ್ಟಿಯಲ್ಲದ’ ಎಂದು ಬರೆಯಬಹುದು.

ಇನ್ನು ಸೊಸೈಟಿಯ ಷರಾ. ‘ಗ್ರೌಂಡ್ಸ್’ ಎಂದರೆ ಇಲ್ಲಿ ನೆಲವಲ್ಲ, ಆಧಾರ. ನಿಮ್ಮ ದೂರು ಸುಳ್ಳೆಂದು ಅವರು ಹೇಳಿಲ್ಲ, ಕೊಟ್ಟ ಕಾರಣಗಳು ಸಾಲವೆಂದಷ್ಟೇ ಹೇಳಿದ್ದಾರೆ. ಒದ್ದೆಯಾದ ಗೋಡೆಯ ಫೋಟೊಗಳನ್ನು ತಾರೀಖು ಸಮೇತ ಲಗತ್ತಿಸಿ, ಸಾಧ್ಯವಾದರೆ ಮೇಲಿನ ಮನೆಯವರ ಸಹಿಯನ್ನೂ ಪಡೆದು, ಇನ್ನೊಮ್ಮೆ ಬರೆಯಿರಿ.