ಎಸ್‌ಟಿಪಿ ನೀರಲ್ಲಿ ಕೊತ್ತಂಬರಿ ಬೆಳೆಯಬಹುದಾ?

ದೌಂಡ್ ಹತ್ತಿರ ಎರಡು ಎಕರೆ ಲೀಸ್‌ಗೆ ಹಿಡಿದಿದ್ದೀರಿ. ಪುಣೆಯ ಎಸ್‌ಟಿಪಿ (ಕೊಳಚೆ ನೀರು ಸಂಸ್ಕರಿಸುವ ಘಟಕ) ನೀರು ಕಾಲುವೆಯಲ್ಲಿ ಬರುತ್ತದೆ, ಅದರಲ್ಲಿ ಕೊತ್ತಂಬರಿ, ಮೆಂತ್ಯ ಬೆಳೆಯಬಹುದಾ ಅಂತ ಕೇಳಿದ್ದೀರಿ. ಕಬ್ಬಿಗಾದರೆ ಹೂಂ. ಕೊತ್ತಂಬರಿಗೆ ನಾನಂತೂ ಬೇಡ ಅನ್ನುತ್ತೇನೆ.

ಹಡಪ್ಸರ್‌ನ ಒಂದು ಸೊಸೈಟಿಯಲ್ಲಿ ಎಸ್‌ಟಿಪಿ ನೋಡಿಕೊಳ್ಳುವುದು ನನ್ನ ಕೆಲಸ. ಊರು ಇಂಡಿ ಕಡೆ, ಹಾಗಾಗಿ ಹೊಲವೂ ಗೊತ್ತು. ನಿಮ್ಮ ಕಡೆ ಬರುವುದು ಮುಂಢವಾ ಜಾಕ್‌ವೆಲ್‌ನಿಂದ (ಪಂಪ್ ಕೂರಿಸಿದ ಬಾವಿ) ಎತ್ತಿ ಹಳೆಯ ಕಾಲುವೆಗೆ ಬಿಡುವ ನೀರು. ಸಂಸ್ಕರಿಸಿದ ನೀರು ತಿಳಿಯಾಗಿ ಕಂಡರೂ ರೋಗಾಣು, ಜಂತುಹುಳದ ಮೊಟ್ಟೆ ಉಳಿದಿರಬಹುದು. ಹಸಿಯಾಗಿ ತಿನ್ನುವ ಬೆಳೆಗೆ ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿ ಹೇಳಿದ ಮಿತಿ ಹೀಗಿತ್ತು: 100 ಮಿಲಿಲೀಟರ್‌ಗೆ 1,000 ಮಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾ, ಲೀಟರ್‌ಗೆ ಒಂದು ಮೊಟ್ಟೆ, ಅಷ್ಟೇ. ಕಬ್ಬಾದರೆ ಗಾಣಕ್ಕೆ ಹೋಗಿ ಕುದಿಯುತ್ತದೆ. ಕೊತ್ತಂಬರಿ ಸೀದಾ ಮಿಸಳ್ ತಿಂಡಿಯ ಮೇಲೆ ಬೀಳುತ್ತದೆ, ಅಲ್ವಾ?

ಜನ ಮರೆಯುವುದು ಗೊಬ್ಬರದ ಲೆಕ್ಕ. ಲೀಟರ್‌ಗೆ 20 ಮಿಲಿಗ್ರಾಂ ಸಾರಜನಕ ಇದೆ ಅಂದುಕೊಳ್ಳಿ. ಎಕರೆಗೆ ಒಂದು ಇಂಚು ನೀರು ಅಂದರೆ ಸುಮಾರು 1 ಲಕ್ಷ ಲೀಟರ್, ಅದರಲ್ಲಿ 2 ಕೆಜಿ ಸಾರಜನಕ. ವರ್ಷದಲ್ಲಿ 40 ಇಂಚು ಹಾಯಿಸಿದರೆ 80 ಕೆಜಿ. ಅಂದರೆ ಹತ್ತಿರಹತ್ತಿರ ನಾಲ್ಕು ಚೀಲ ಯೂರಿಯಾ ಪುಕ್ಕಟೆ! ನನ್ನ ಗೆಳೆಯ ಇದನ್ನು ಲೆಕ್ಕಕ್ಕೇ ಹಿಡಿಯದೆ ಈರುಳ್ಳಿಗೆ ಮಾಮೂಲಿನಷ್ಟೇ ಯೂರಿಯಾ ಹಾಕಿದ. ಎಲೆ ಸೊಂಪಾಗಿ ಬಂತು, ಗಡ್ಡೆಯ ಕುತ್ತಿಗೆ ದಪ್ಪಗಾಯಿತು. ಒಣಗಲೇ ಇಲ್ಲ, ಚಾಳಿನಲ್ಲಿ (ಗಾಳಿಯಾಡುವ ಶೆಡ್ಡಿನಲ್ಲಿ) ಇಟ್ಟ ಈರುಳ್ಳಿ ಕೊಳೆಯಿತು. ಕಬ್ಬಿಗೂ ಕೊನೆಯ ತಿಂಗಳುಗಳಲ್ಲಿ ಜಾಸ್ತಿ ಸಾರಜನಕ ಸಿಕ್ಕರೆ ಸಕ್ಕರೆ ಅಂಶ ಇಳಿಯುತ್ತದೆ.

ಎರೆ ಭೂಮಿಯಾದರೆ ಸವಳು ನೋಡಿಕೊಳ್ಳಿ. ಸಾಬೂನು, ಡಿಟರ್ಜೆಂಟ್‌ನ ಸೋಡಿಯಂ ಮಣ್ಣನ್ನು ಬಿಗಿ ಮಾಡುತ್ತದೆ. ನೀರು ಇಂಗುವುದಿಲ್ಲ. ಲ್ಯಾಬ್‌ಗೆ ನೀರು ಕೊಡುವಾಗ ಇಸಿ (ಉಪ್ಪಿನಂಶದ ಅಳತೆ), ಎಸ್‌ಎಆರ್ (ಸೋಡಿಯಂ ಅನುಪಾತದ ಅಳತೆ) ಎರಡನ್ನೂ ಕೇಳಿ. ಸ್ಯಾಂಪಲ್ ನಿಮ್ಮ ತೂಬಿನ ಹತ್ತಿರವೇ ತೆಗೆಯಿರಿ, ದಾರಿಯಲ್ಲಿ ಏನೇನು ಸೇರುತ್ತದೋ.

ತರಕಾರಿ ಬೇಕೇ ಬೇಕು ಅಂದರೆ ಬದನೆ, ಹೀರೆಯಂಥ ಬೇಯಿಸಿ ತಿನ್ನುವುದನ್ನು ಹಾಕಿ. ನೀರನ್ನು ಹೊಂಡದಲ್ಲಿ ಕೆಲವು ದಿನ ನಿಲ್ಲಿಸಿ, ಜಂತುಹುಳದ ಮೊಟ್ಟೆಗಳು ತಳಕ್ಕೆ ಕೂರುತ್ತವೆ. ಆಮೇಲೆ ಫಿಲ್ಟರ್ ದಾಟಿಸಿ ಡ್ರಿಪ್‌ಗೆ ಬಿಡಿ. ಸ್ಪ್ರಿಂಕ್ಲರ್ ಮಾತ್ರ ಬೇಡ. ಹೊಲದಲ್ಲಿ ನೀರು ಕಟ್ಟುವವರಿಗೆ ಗಮ್ ಬೂಟು ಕೊಡಿಸಿ, ಕೊಕ್ಕೆಹುಳ ಬರಿಗಾಲಿನಿಂದಲೇ ಒಳಗೆ ಹೋಗುತ್ತದೆ.