ಎಂಕಾ ಹಾಡಿನ ಕಣ್ಣೀರು: ಓದುಗರ ಎರಡು ಪ್ರಶ್ನೆಗಳು

ಪ್ರಶ್ನೆ: ಎರಡು ವರ್ಷಗಳಿಂದ ಜಪಾನಿನ ಎಂಕಾ ಹಾಡುಗಳನ್ನು ಕೇಳುತ್ತಿದ್ದೇನೆ. ಭಾಷೆ ಬಾರದು, ಅನುವಾದವನ್ನು ಮುಂದಿಟ್ಟುಕೊಂಡು ಕೇಳುತ್ತೇನೆ. ಆದರೂ ಕೆಲವು ಹಾಡುಗಳಿಗೆ ಕಣ್ಣು ತೇವವಾಗುತ್ತದೆ. ಜಪಾನಿನಲ್ಲಿ ಕೆಲಸ ಮಾಡಿ ಬಂದ ಗೆಳೆಯನೊಬ್ಬ, ಅದು ಕುಡಿದ ಮುದುಕರು ಕರಾವೋಕೆಯಲ್ಲಿ ಹಾಡುವ ಅಳುಬುರುಕ ಹಾಡು, ಒಂದನ್ನು ಕೇಳಿದರೆ ಎಲ್ಲವನ್ನೂ ಕೇಳಿದಂತೆ ಎಂದು ನಗುತ್ತಾನೆ. ನನ್ನ ಅಭಿರುಚಿಯಲ್ಲೇ ದೋಷವಿದೆಯೇ?

ಉತ್ತರ: ನಿಮ್ಮ ಗೆಳೆಯರ ಮಾತಿನಲ್ಲಿ ಮುಕ್ಕಾಲು ಪಾಲು ನಿಜವಿದೆ, ಅದರಿಂದ ಅವರು ತೆಗೆದ ತೀರ್ಮಾನವನ್ನು ಮಾತ್ರ ನಾನು ಒಪ್ಪಲಾರೆ. ಎಂಕಾದ ಸಾಮಗ್ರಿ ಬಹಳ ಕಡಿಮೆ. ಬಂದರು, ಹಿಮ, ಮಳೆ, ಸಾಕೆ ಎಂಬ ಅಕ್ಕಿಯ ಮದ್ಯ, ತಾನು ಬಿಟ್ಟು ಬಂದ ಊರು, ತನ್ನನ್ನು ಬಿಟ್ಟು ಹೋದ ಪ್ರಿಯ: ಇಷ್ಟನ್ನೇ ತಿರುಗಿಸಿ ಮುರುಗಿಸಿ ನೂರಾರು ಹಾಡುಗಳನ್ನು ಕಟ್ಟಿದ್ದಾರೆ. ಸ್ವರಗಳಲ್ಲಿಯೂ ಇದೇ ಜಿಪುಣತನ. ಬಹುಪಾಲು ಹಾಡುಗಳು ಯೊನಾನುಕಿ ಎಂಬ, ನಾಲ್ಕನೆಯ ಮತ್ತು ಏಳನೆಯ ಸ್ವರಗಳನ್ನು ಬಿಟ್ಟ ಐದು ಸ್ವರಗಳ ಶ್ರೇಣಿಯಲ್ಲಿ ನಡೆಯುತ್ತವೆ. ಅದರ ಒಂದು ಬಗೆ ಸ್ವರಗಳ ಮಟ್ಟಿಗೆ ನಮ್ಮ ಮೋಹನ ರಾಗವೇ. ದುಃಖದ ಹಾಡುಗಳಿಗೆ ಒದಗುವ ಇನ್ನೊಂದು ಬಗೆ, ಶಿವರಂಜನಿ ರಾಗದಲ್ಲಿ ಚತುಶ್ರುತಿ ಧೈವತದ ಬದಲು ಅದಕ್ಕಿಂತ ಕೆಳಗಿನ ಶುದ್ಧ ಧೈವತವನ್ನು ಹಿಡಿದಂತಿರುತ್ತದೆ. ಆದ್ದರಿಂದ ಭಾಷೆ ತಿಳಿಯದೆಯೂ ನಿಮ್ಮ ಕಿವಿ ಆ ಹಾಡಿಗೆ ಒಲಿದದ್ದು ಅಂಥ ಸೋಜಿಗವೇನೂ ಅಲ್ಲ. ಅದರ ಮೇಲೆ ಕೊಬುಶಿ ಇದೆ: ಒಂದೇ ಅಕ್ಷರವನ್ನು ಎಳೆಯುವಾಗ ಕಂಠವು ಕ್ಷಣಮಾತ್ರದಲ್ಲಿ ಎರಡು ಮೂರು ಸ್ವರಗಳನ್ನು ಸುತ್ತಿ ಬರುವ ಬಳುಕು. ನಮ್ಮ ಸಂಗೀತದ ಗಮಕದ ದೂರದ ನೆಂಟನೆನ್ನಬಹುದು. ಆದರೆ ಗಮಕದ ಕೆಲಸ ರಾಗವನ್ನು ತೋರಿಸುವುದು, ಕೊಬುಶಿಯದು ಬಿಕ್ಕನ್ನು ಅಡಗಿಸುತ್ತಲೇ ತೋರಿಸುವುದು.

ಸಾಮಗ್ರಿ ಇಷ್ಟು ಕಡಿಮೆ ಇರುವಲ್ಲಿ ಕಟ್ಟುವವನ ಕೈಚಳಕವನ್ನೇ ನೋಡಬೇಕಾಗುತ್ತದೆ. ಇಶಿಕಾವಾ ಸಯೂರಿಯವರು 1977ರಲ್ಲಿ ಹಾಡಿದ ತ್ಸುಗಾರು ಜಲಸಂಧಿಯ ಹಾಡನ್ನೇ ತೆಗೆದುಕೊಳ್ಳಿ. ಟೋಕಿಯೋದ ಉಎನೋ ನಿಲ್ದಾಣದಿಂದ ಹೊರಟ ರಾತ್ರಿ ರೈಲು ಉತ್ತರದ ಬಂದರು ಅಓಮೊರಿಗೆ ಬಂದು ನಿಂತಿದೆ, ನಿಲ್ದಾಣದ ತುಂಬ ಹಿಮ. ಉತ್ತರಕ್ಕೆ ಮರಳುವ ಜನರೆಲ್ಲ ಮಾತಿಲ್ಲದೆ ಕಡಲಿನ ಮೊರೆತವನ್ನಷ್ಟೇ ಕೇಳುತ್ತಿದ್ದಾರೆ. ಹಾಡಿನ ಹೆಣ್ಣು ಒಬ್ಬಳೇ ಜಲಸಂಧಿಯಾಚೆಯ ಹೊಕ್ಕೈಡೊ ದ್ವೀಪಕ್ಕೆ ಹೋಗುವ ಹಡಗನ್ನು ಹತ್ತಿ, ಚಳಿಗೆ ಮರಗಟ್ಟಿದಂತಿರುವ ಕಡಲಹಕ್ಕಿಗಳನ್ನು ನೋಡುತ್ತಾಳೆ. ಅಳುತ್ತಿದ್ದೆ ಎಂಬ ಮಾತು ಬರುವುದು ಇಷ್ಟೆಲ್ಲ ಆದ ಮೇಲೆಯೇ. ಮುಂದಿನ ಚರಣದಲ್ಲಿ ಯಾರೋ ಅಪರಿಚಿತರು ‘ತಪ್ಪಿ’ ಎಂಬ ಹೆಸರಿನ ಭೂಶಿರದ ಕಡೆಗೆ ಬೆರಳು ತೋರಿಸುತ್ತಾರೆ. ಉಸಿರಿನಿಂದ ಮಬ್ಬಾದ ಕಿಟಕಿಯ ಗಾಜನ್ನು ಅವಳು ಒರೆಸಿ ನೋಡಿದರೂ ದೂರದಲ್ಲಿ ಮಸುಕಷ್ಟೇ ಕಾಣುತ್ತದೆ. ಅವಳು ವಿದಾಯ ಹೇಳುವ ಪ್ರಿಯನ ವರ್ಣನೆಯಾಗಲಿ, ಜಗಳದ ಕಾರಣವಾಗಲಿ ಎಲ್ಲಿಯೂ ಇಲ್ಲ. ಒರೆಸಿದರೂ ತಿಳಿಯಾಗದ ಆ ಗಾಜಿಗಾಗಿ ನಾನು ನಿಮ್ಮ ಗೆಳೆಯರೊಡನೆ ಜಗಳಕ್ಕೂ ಸಿದ್ಧ. (1988ರಲ್ಲಿ ಕಡಲಡಿಯ ಸುರಂಗ ತೆರೆದು, ರೈಲ್ವೆಯವರು ನಡೆಸುತ್ತಿದ್ದ ಆ ಹಡಗುಗಳು ನಿಂತುಹೋದವು, ಹಾಡು ನಿಲ್ಲಲಿಲ್ಲ.)

ಗೆಳೆಯರು ಎತ್ತದಿರುವ ಇನ್ನೊಂದು ಆಕ್ಷೇಪ ನನಗೆ ಹೆಚ್ಚು ತೂಕದ್ದೆನಿಸುತ್ತದೆ. ಈ ಹಾಡುಗಳಲ್ಲಿ ಹೆಣ್ಣು ಬಹುಮಟ್ಟಿಗೆ ಕಾಯುತ್ತಾಳೆ, ಕ್ಷಮಿಸುತ್ತಾಳೆ, ತಪ್ಪು ತನ್ನದೇ ಎನ್ನುತ್ತಾಳೆ. ಆ ಮಾತುಗಳನ್ನು ಅವಳ ಬಾಯಲ್ಲಿ ಇಟ್ಟವರು ಹೆಚ್ಚಾಗಿ ಗಂಡಸರು. ಇದನ್ನು ಸಹಿಸದೆ ಎಂಕಾವನ್ನು ದೂರವಿಡುವವರ ಮೇಲೆ ನನಗೆ ಗೌರವವಿದೆ. ನಾನಂತೂ ಅಂಥ ಹಾಡುಗಳಲ್ಲಿ ಸಾಹಿತ್ಯಕ್ಕಿಂತ ಗಾಯಕಿಯನ್ನೇ ನಂಬುತ್ತೇನೆ. ಕೊಗಾ ಮಸಾಓ ಅವರು ರಾಗ ಹಾಕಿ, ಮಿಸೋರಾ ಹಿಬಾರಿಯವರು 1966ರಲ್ಲಿ ಹಾಡಿದ, ಒಂಟಿಯಾಗಿ ಕುಡಿಯುವವಳ ಹಾಡೊಂದಿದೆ. ವೇದಿಕೆಯ ಮೇಲೆ ಅದನ್ನು ಹಾಡುವಾಗ ಹಿಬಾರಿಯವರ ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು, ಸ್ವರ ಮಾತ್ರ ಕದಲುತ್ತಿರಲಿಲ್ಲ. ಅಭ್ಯಾಸಬಲವಿಲ್ಲದೆ ಅದು ಸಾಧ್ಯವಿಲ್ಲ. ಅಭ್ಯಾಸವಿದೆಯೆಂದ ಮಾತ್ರಕ್ಕೆ ಅದನ್ನು ನಟನೆ ಎನ್ನಲೂ ನನಗೆ ಮನಸ್ಸು ಬಾರದು.

ಪ್ರಶ್ನೆ: ಎಂಕಾವನ್ನು ‘ಜಪಾನೀಯರ ಹೃದಯ’ ಎನ್ನುತ್ತಾರೆ. ಅದು ಅಷ್ಟು ಪ್ರಾಚೀನವೇ? ಹೊರಗಿನವರಿಗೆ ಅದು ದಕ್ಕುವುದೇ?

ಉತ್ತರ: ಪ್ರಾಚೀನವಲ್ಲ. ಹೆಸರು 1880ರ ದಶಕದ್ದು. ಜನರ ಹಕ್ಕುಗಳಿಗಾಗಿ ಚಳವಳಿ ನಡೆದಿದ್ದಾಗ ಸರ್ಕಾರವನ್ನು ಟೀಕಿಸಿ ಬೀದಿಯಲ್ಲಿ ಹಾಡುತ್ತಿದ್ದ ಭಾಷಣರೂಪದ ಹಾಡಿಗೆ ಆ ಹೆಸರಿತ್ತು. ಇಂದಿನ ಅರ್ಥದಲ್ಲಿ ಅದು ನೆಲೆಯೂರಿದ್ದು 1960ರ ದಶಕದ ಕೊನೆ ಮತ್ತು 70ರ ಮೊದಲಿನಲ್ಲಿ. ‘ಜಪಾನಿನ ಹೃದಯ’ ಎಂಬುದು ಆಮೇಲೆ ಕಟ್ಟಿಕೊಂಡ ಮಿಥ್ಯೆ ಎಂದು ವಾಜಿಮಾ ಯೂಸುಕೆ ಎಂಬ ವಿದ್ವಾಂಸರು 2010ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಮೇಲೆ ಹೇಳಿದ ಕೊಗಾ ಅವರ ಬಾಲ್ಯ ಕಳೆದದ್ದು ಕೊರಿಯಾದಲ್ಲಿ. ಆ ಕೊರಿಯಾದಲ್ಲಿ ಎಂಕಾವನ್ನು ಹೋಲುವ ಟ್ರಾಟ್ ಎಂಬ ಹಾಡುಗಳಿವೆ. ಯಾರಿಂದ ಯಾರಿಗೆ ಬಂತೆಂಬ ವಾದ ಅಲ್ಲಿ ಇನ್ನೂ ಮುಗಿದಿಲ್ಲ. ಲೀ ಮಿಜಾ ಎಂಬ ಕೊರಿಯಾದ ಗಾಯಕಿಯ 1964ರ ಜನಪ್ರಿಯ ಹಾಡೊಂದನ್ನು ಜಪಾನೀ ಛಾಯೆಯಿದೆಯೆಂಬ ಕಾರಣಕ್ಕೆ ದಕ್ಷಿಣ ಕೊರಿಯಾದಲ್ಲಿ ಬಹುಕಾಲ ನಿಷೇಧಿಸಿದ್ದರು.

ಹೊರಗಿನವರಿಗೆ ದಕ್ಕುವುದೇ ಎಂಬುದಕ್ಕೆ ಜೆರೋ ಎಂಬ ಗಾಯಕನ ಉದಾಹರಣೆಯೊಂದೇ ಸಾಕು. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿದ ಈ ಕರಿಯ ಯುವಕ ಎಂಕಾವನ್ನು ಕಲಿತದ್ದು ಜಪಾನಿನಿಂದ ಬಂದಿದ್ದ ತನ್ನ ಅಜ್ಜಿಯಿಂದ. 2008ರಲ್ಲಿ, ಕಿಮೋನೊ ಬಿಟ್ಟು ಟೋಪಿ, ದೊಗಳೆ ಅಂಗಿ ತೊಟ್ಟೇ ಹಾಡಲಿಳಿದು, ಅದೇ ವರ್ಷದ ಕೊನೆಯ ರಾತ್ರಿ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ನಡೆಸುವ, ಕೋಹಕು ಎಂಬ ಹಾಡುಗಳ ಕಾರ್ಯಕ್ರಮದ ವೇದಿಕೆಯನ್ನು ಹತ್ತಿದ. ಅಲ್ಲಿ ತನ್ನನ್ನು ನೋಡಬೇಕೆಂದಿದ್ದ ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದರು.